ಒಂದೇ ಇಂಚಿಗೆ ಮೂರು ಅಳತೆ: ಮುದ್ರಣಾಲಯವೊಂದರ 4ಕೆ ಪರದೆ ಮತ್ತು ಮಸುಕಾದ ಕನ್ನಡ ಅಕ್ಷರಗಳು

ಗದಗ-ಬೆಟಗೇರಿಯಲ್ಲಿ ಮುದ್ರಣವು ತಲೆಮಾರುಗಳಿಂದ ನಡೆದುಬಂದ ಕಸುಬು. ಅಲ್ಲಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಲಗ್ನಪತ್ರಿಕೆ, ಸಹಕಾರಿ ಸಂಘಗಳ ವಾರ್ಷಿಕ ವರದಿ, ರಸೀದಿ ಪುಸ್ತಕ, ಆಗೊಮ್ಮೆ ಈಗೊಮ್ಮೆ ಒಂದು ಕವನ ಸಂಕಲನ, ಇಷ್ಟು ಕೆಲಸ ವರ್ಷವಿಡೀ ಇರುತ್ತದೆ. ಅಕ್ಷರ ಜೋಡಣೆಗೆ ಮೂರು ಕಂಪ್ಯೂಟರುಗಳಿವೆ. ಅವುಗಳಲ್ಲಿ ಮುಖ್ಯವಾದುದಕ್ಕೆ ಯಜಮಾನರು 27 ಇಂಚಿನ, 3840 ಅಡ್ಡ 2160 ಪಿಕ್ಸೆಲ್‌ಗಳ ಹೊಸ 4ಕೆ ಮಾನಿಟರ್ ತಂದರು, ಹಳೆಯ 21.5 ಇಂಚಿನ 1920 ಅಡ್ಡ 1080ರ ಮಾನಿಟರನ್ನು ಪಕ್ಕದಲ್ಲಿ ಎರಡನೆಯ ಪರದೆಯಾಗಿ ಉಳಿಸಿಕೊಂಡರು. ಎರಡು ಎ4 ಪುಟಗಳನ್ನು ಅಕ್ಕಪಕ್ಕದಲ್ಲಿ ಕಾಗದದಷ್ಟೇ ಗಾತ್ರದಲ್ಲಿ ನೋಡಿ ಪುಸ್ತಕ ಕಟ್ಟಬೇಕೆಂಬುದು ಅವರ ಆಸೆಯಾಗಿತ್ತು. ಅದು ಸರಿಯಾದ ಆಸೆಯೇ. 27 ಇಂಚಿನ ಪರದೆ ಸುಮಾರು 598 ಮಿಲಿಮೀಟರ್ ಅಗಲ, 336 ಮಿಲಿಮೀಟರ್ ಎತ್ತರ ಇರುತ್ತದೆ; 420 ಅಡ್ಡ 297 ಮಿಲಿಮೀಟರಿನ ಜೋಡಿಪುಟ ಅದರಲ್ಲಿ ಸಲೀಸಾಗಿ ಕೂರುತ್ತದೆ. ಹಳೆಯ ಮಾನಿಟರಿನ ಎತ್ತರ 268 ಮಿಲಿಮೀಟರ್ ಮಾತ್ರವಾದ್ದರಿಂದ ಅದರಲ್ಲಿ ಒಂದು ಎ4 ಪುಟವೂ ಪೂರ್ತಿಯಾಗಿ ಕಾಣುತ್ತಿರಲಿಲ್ಲ.

ಮಾನಿಟರ್ ಬಂದ ಎರಡನೆಯ ವಾರದಲ್ಲಿ ನನಗೆ ಕರೆ ಬಂತು. ಅಕ್ಷರ ಜೋಡಿಸುವ ಹಿರಿಯ ಆಪರೇಟರ್ ಹೇಳಿದ್ದು ಇಷ್ಟು: "ಸರ, ಅಕ್ಷರಕ್ಕ ಮಂಜು ಬಡದಂಗ ಕಾಣ್ತೈತ್ರಿ." ಅದರ ಹಿಂದಿನ ದಿನ ಒಂದು ಲಗ್ನಪತ್ರಿಕೆಯ ಪ್ರೂಫಿನಲ್ಲಿ 'ವಧು' ಎಂಬುದು 'ವದು' ಎಂದು ಮುದ್ರಣವಾಗಿತ್ತು. ಪರದೆಯ ಮೇಲೆ ಮೂರು ಬಾರಿ ಓದಿದವರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಕಾಗದದ ಪ್ರೂಫ್ ತೆಗೆಯುವ ರೂಢಿ ಇದ್ದುದರಿಂದ ಪತ್ರಿಕೆ ಅಚ್ಚಾಗುವ ಮೊದಲೇ ತಪ್ಪು ಸಿಕ್ಕಿತು.

ಈ ತಪ್ಪನ್ನು ನಾನು ಸಣ್ಣದೆಂದು ಬಿಡಲಿಲ್ಲ. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಓದುವವರು ಊಹಿಸಿಕೊಳ್ಳಬಹುದು. ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸೀಳು ಮಾತ್ರ. ಡ ಮತ್ತು ಢ, ಪ ಮತ್ತು ಫ ಜೋಡಿಗಳಲ್ಲಿಯೂ ಹಾಗೆಯೇ. ಇವುಗಳ ಜೊತೆಗೆ ಸಾಲಿನ ಕೆಳಗೆ ಸಣ್ಣದಾಗಿ ಕೂರುವ ಒತ್ತಕ್ಷರಗಳಿವೆ. ಹತ್ತು ಪಾಯಿಂಟಿನ (ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ) ಅಕ್ಷರವನ್ನು ಇಂಚಿಗೆ 96 ಪಿಕ್ಸೆಲ್ ಲೆಕ್ಕದಲ್ಲಿ ಬಿಡಿಸಿದರೆ ಅದಕ್ಕೆ ಸಿಗುವ ಎತ್ತರ 13 ಪಿಕ್ಸೆಲ್. ಅದರಲ್ಲಿ ಸೀಳಿಗೆ ದಕ್ಕುವುದು ಹೆಚ್ಚೆಂದರೆ ಒಂದು ಪಿಕ್ಸೆಲ್. ಆ ಒಂದು ಪಿಕ್ಸೆಲ್ ಅಕ್ಕಪಕ್ಕಕ್ಕೆ ಹರಡಿ ಬೂದುಬಣ್ಣಕ್ಕೆ ತಿರುಗಿದರೆ ಧಕಾರವು ದಕಾರವಾಗಿ ಕಾಣುತ್ತದೆ.

ಮೂರು ಅಳತೆಗಳು

ಈ ಪ್ರಕರಣದಲ್ಲಿ ಒಂದು ಇಂಚು ಎಂದರೆ ಎಷ್ಟು ಪಿಕ್ಸೆಲ್ ಎಂಬ ಪ್ರಶ್ನೆಗೆ ಮೂರು ಕಡೆಯಿಂದ ಮೂರು ಉತ್ತರಗಳು ಬರುತ್ತಿದ್ದವು. ಹೊಸ ಮಾನಿಟರಿನ ಗಾಜಿನ ಮೇಲೆ ನಿಜವಾಗಿ ಇರುವುದು ಇಂಚಿಗೆ 163 ಪಿಕ್ಸೆಲ್. ಅಕ್ಷರ, ಚಿಹ್ನೆಗಳನ್ನು ಓದುವಷ್ಟು ದೊಡ್ಡದು ಮಾಡಲು ವಿಂಡೋಸ್ ತಾನಾಗಿ ಶಿಫಾರಸು ಮಾಡಿದ ಶೇ. 150ರ ಸ್ಕೇಲಿಂಗ್‌ನ ಪ್ರಕಾರ ಅದು 144. ಅಕ್ಷರ ಜೋಡಣೆಯ ತಂತ್ರಾಂಶ 2001ರ ಸುಮಾರಿನದು; ಅದು ಹುಟ್ಟಿದ ಕಾಲದಲ್ಲಿ ಬಹುಪಾಲು ವಿಂಡೋಸ್ ಯಂತ್ರಗಳಲ್ಲಿ ಆ ಸಂಖ್ಯೆ 96 ಆಗಿತ್ತು, ಆದ್ದರಿಂದ ಅದರ ಪಾಲಿಗೆ ಇಂಚು ಎಂದರೆ 96.

2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಪ್ರತಿಯೊಂದು ಪ್ರೋಗ್ರಾಮ್ ತನಗೆ ಪರದೆಯ ಸಾಂದ್ರತೆ, ಅಂದರೆ ಡಿಪಿಐ, ತಿಳಿಯುತ್ತದೆಯೇ ಇಲ್ಲವೇ ಎಂಬುದನ್ನು ಘೋಷಿಸಬಹುದು. ಘೋಷಿಸದ ಪ್ರೋಗ್ರಾಮನ್ನು ವಿಂಡೋಸ್ ಏನೂ ತಿಳಿಯದ ಪ್ರೋಗ್ರಾಮ್ ಎಂದೇ ಎಣಿಸುತ್ತದೆ. ಅದಕ್ಕೆ 'ಪರದೆ 96 ಡಿಪಿಐನದು' ಎಂದು ತಿಳಿಸಿ, ಚಿಕ್ಕ ಗಾತ್ರದಲ್ಲಿ ಚಿತ್ರ ಬಿಡಿಸಿಕೊಂಡು, ಬಿಡಿಸಿದ್ದನ್ನು ಫೋಟೊ ಹಿಗ್ಗಿಸುವಂತೆ ಹಿಗ್ಗಿಸಿ ತೋರಿಸುತ್ತದೆ. ಶೇ. 150ರ ಸ್ಕೇಲಿಂಗ್‌ನಲ್ಲಿ ನಮ್ಮ 3840 ಅಡ್ಡ 2160ರ ಪರದೆ ಅಂತಹ ಪ್ರೋಗ್ರಾಮಿಗೆ 2560 ಅಡ್ಡ 1440ರ ಪರದೆಯಾಗಿ ಕಾಣುತ್ತದೆ. ಒಂದು ಪಿಕ್ಸೆಲ್ಲನ್ನು ಒಂದೂವರೆ ಪಿಕ್ಸೆಲ್ ಮಾಡಬೇಕಾದಾಗ ಆ ಅರ್ಧ ಭಾಗವನ್ನು ನೆರೆಯ ಪಿಕ್ಸೆಲ್ ಜೊತೆ ಬೆರೆಸದೆ ಗತಿಯಿಲ್ಲ. ಆಪರೇಟರ್ ಹೇಳಿದ ಮಂಜು ಇದೇ. 2013ರ ವಿಂಡೋಸ್ 8.1ರಲ್ಲಿ ಪ್ರತಿ ಮಾನಿಟರಿಗೂ ಬೇರೆ ಬೇರೆ ಡಿಪಿಐ ಇರಬಹುದೆಂಬ ವ್ಯವಸ್ಥೆ ಬಂತು. 2017ರ ವಿಂಡೋಸ್ 10ರ 1703ನೇ ಆವೃತ್ತಿಯಲ್ಲಿ ಅದು ಇನ್ನಷ್ಟು ಸುಧಾರಿಸಿತು. ಆದರೆ ಇವೆಲ್ಲವೂ ಆ ನಂತರ ಬರೆದ ಅಥವಾ ತಿದ್ದಿದ ಪ್ರೋಗ್ರಾಮುಗಳಿಗೆ ಮಾತ್ರ ತಾವಾಗಿಯೇ ದೊರೆಯುತ್ತವೆ.

ಹಾಗಾದರೆ ಹಳೆಯ ತಂತ್ರಾಂಶವನ್ನೇ ಬಿಡಬಹುದಲ್ಲವೇ ಎಂದು ಹೊರಗಿನವರು ಕೇಳಬಹುದು. ಈ ಮುದ್ರಣಾಲಯದ ಇಪ್ಪತ್ತು ವರ್ಷಗಳ ಕಡತಗಳೆಲ್ಲ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಫಾಂಟುಗಳಲ್ಲಿವೆ. ಪ್ರತಿ ವರ್ಷ ಹೆಸರು, ಅಂಕಿ ಬದಲಾಯಿಸಿ ಮತ್ತೆ ಅಚ್ಚು ಹಾಕುವ ವರದಿಗಳೂ ನಮೂನೆಗಳೂ ಅದೇ ತಂತ್ರಾಂಶದ ಕಡತಗಳಾಗಿ ಕುಳಿತಿವೆ. ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ, ಆದರೆ ಪುಟವಿನ್ಯಾಸ ಅದರ ಜೊತೆಗೆ ಬರುವುದಿಲ್ಲ. ಪ್ರತಿ ಪುಟವನ್ನೂ ಹೊಸದಾಗಿ ಕಟ್ಟಬೇಕು. ಹೊಸ ಕೆಲಸಗಳನ್ನು ಯೂನಿಕೋಡಿನಲ್ಲಿ ಆರಂಭಿಸಿ ಎಂದು ನಾನು ಒತ್ತಾಯಿಸಿದ್ದೇನೆ, ಈಗಲೂ ಒತ್ತಾಯಿಸುತ್ತೇನೆ. ಹಳೆಯ ಕಡತಗಳ ವಿಷಯದಲ್ಲಿ ಮಾತ್ರ ಅವರ ವಾದ ನ್ಯಾಯವಾಗಿತ್ತು.

ನಾನು ಹೋಗುವ ಮೊದಲು ಆದದ್ದು

ನಾನು ತಲುಪುವಷ್ಟರಲ್ಲಿ ಅಲ್ಲಿಯವರೇ ಮೂರು ಉಪಾಯಗಳನ್ನು ಮಾಡಿ ನೋಡಿದ್ದರು. ಮೂರಕ್ಕೂ ಒಂದೊಂದು ತರ್ಕವಿತ್ತು.

ಮೊದಲನೆಯದು ರೆಸಲ್ಯೂಷನ್ನನ್ನೇ 1920 ಅಡ್ಡ 1080ಕ್ಕೆ ಇಳಿಸಿದ್ದು. 3840 ಎಂಬುದು 1920ರ ಸರಿಯಾದ ಎರಡರಷ್ಟಾದ್ದರಿಂದ ಚಿತ್ರ ಸ್ಪಷ್ಟವಾಗಿ ಬರುತ್ತದೆಂಬುದು ಅವರ ಲೆಕ್ಕ. ಆದರೆ ಸಾಮಾನ್ಯವಾಗಿ ಮಾನಿಟರಿನೊಳಗಿನ ಹಿಗ್ಗಿಸುವ ವ್ಯವಸ್ಥೆ ಒಂದು ಪಿಕ್ಸೆಲ್ಲಿಗೆ ಸರಿಯಾಗಿ ನಾಲ್ಕು ಪಿಕ್ಸೆಲ್ ಎಂದು ನಕಲು ಮಾಡದೆ ಅಂಚುಗಳನ್ನು ನುಣುಪು ಮಾಡುತ್ತದೆ. ಅಷ್ಟೇ ಅಲ್ಲದೆ, ವಿಂಡೋಸ್‌ನ ಕ್ಲಿಯರ್‌ಟೈಪ್ ಎಂಬ ಅಕ್ಷರ ತಿದ್ದುವ ವಿಧಾನವು ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳು ಎಲ್ಲಿವೆ ಎಂಬುದನ್ನು ಆಧರಿಸಿ ಕೆಲಸ ಮಾಡುತ್ತದೆ. ಮಾನಿಟರಿನ ಸ್ವಂತ ರೆಸಲ್ಯೂಷನ್ನಿನಿಂದ ಕೆಳಗಿಳಿದ ಕೂಡಲೇ ಆ ಲೆಕ್ಕ ತಪ್ಪಿ ಅಕ್ಷರದ ಅಂಚಿಗೆ ಬಣ್ಣದ ಛಾಯೆ ಬರುತ್ತದೆ. 4ಕೆ ಪರದೆಯನ್ನು ಹೀಗೆ ಬಳಸುವುದೆಂದರೆ ಕೊಟ್ಟ ಹಣದ ಮುಕ್ಕಾಲು ಪಾಲು ಪಿಕ್ಸೆಲ್ಲುಗಳನ್ನು ಕಳೆದುಕೊಂಡಂತೆ.

ಎರಡನೆಯದು ಸ್ಕೇಲಿಂಗನ್ನು ಶೇ. 100ಕ್ಕೆ ತಂದದ್ದು. ಇದರಲ್ಲಿ ಹಿಗ್ಗಿಸುವಿಕೆಯೇ ಇಲ್ಲದ್ದರಿಂದ ಎಲ್ಲವೂ ಸ್ಪಷ್ಟವಾಯಿತು, ಆದರೆ ಎಲ್ಲವೂ ಕುಗ್ಗಿತು. ವಿಂಡೋಸ್‌ನ ಮೆನುಗಳ 9 ಪಾಯಿಂಟಿನ ಅಕ್ಷರಕ್ಕೆ 12 ಪಿಕ್ಸೆಲ್ ಸಿಗುತ್ತದೆ. ಹಳೆಯ ಮಾನಿಟರಿನಲ್ಲಿ ಅದು ಸುಮಾರು 3 ಮಿಲಿಮೀಟರ್ ಇದ್ದರೆ ಹೊಸದರಲ್ಲಿ 1.9 ಮಿಲಿಮೀಟರ್. ದಿನಕ್ಕೆ ಎಂಟು ಗಂಟೆ ಕೂರುವ, ಐವತ್ತು ದಾಟಿದ ಕಣ್ಣುಗಳಿಗೆ ಇದನ್ನು ಒಗ್ಗಿಸಿಕೊಳ್ಳಿ ಎಂದು ಹೇಳುವುದು ಸರಿಯಲ್ಲ.

ಮೂರನೆಯ ಉಪಾಯ ಯಜಮಾನರ ತಮ್ಮನ ಮಗನದು, ಇಂಜಿನಿಯರಿಂಗ್ ಓದುತ್ತಿರುವ ಹುಡುಗ. 163ನ್ನು 96ರಿಂದ ಭಾಗಿಸಿದರೆ 1.7 ಬರುತ್ತದೆಂದು ಲೆಕ್ಕ ಹಾಕಿ, ಕಸ್ಟಮ್ ಸ್ಕೇಲಿಂಗ್‌ನಲ್ಲಿ 170 ಎಂದು ಬರೆದಿದ್ದ. ಅವನ ಗಣಿತ ಪೂರ್ತಿ ಸರಿಯಾಗಿತ್ತು. ಆ ಸಂಖ್ಯೆಯನ್ನು ನಾನೂ ಮುಂದೆ ಬಳಸಿಕೊಂಡೆ. ತೊಂದರೆ ಬೇರೆ ಕಡೆ ಇತ್ತು. ಕಸ್ಟಮ್ ಸಂಖ್ಯೆ ಕೊಟ್ಟರೆ ಅದು ಒಂದು ಮಾನಿಟರಿಗೆ ಮಾತ್ರವಲ್ಲ, ಜೋಡಿಸಿದ ಎಲ್ಲ ಮಾನಿಟರುಗಳಿಗೂ ಅನ್ವಯಿಸುತ್ತದೆ. ಪಕ್ಕದ ಹಳೆಯ ಪರದೆಯಲ್ಲಿ ಮೆನುವಿನ ಅಕ್ಷರಗಳು ಐದು ಮಿಲಿಮೀಟರ್ ಆಗಿ ಉಬ್ಬಿದವು, ಇತ್ತ ಜೋಡಣೆಯ ತಂತ್ರಾಂಶ ಮಸುಕಾಗಿಯೇ ಉಳಿಯಿತು. ಏಕೆಂದರೆ ಅದು ಎಂತಹ ಸಂಖ್ಯೆ ಕೊಟ್ಟರೂ 96 ಎಂದೇ ತಿಳಿದು ಬಿಡಿಸುತ್ತಿತ್ತು.

ಮಸುಕು ಎಲ್ಲಿಂದ

ಕಸ್ಟಮ್ ಸಂಖ್ಯೆಯನ್ನು ತೆಗೆದು, ರೆಸಲ್ಯೂಷನ್ನನ್ನು ಮಾನಿಟರಿನ ಸ್ವಂತ 3840 ಅಡ್ಡ 2160ಕ್ಕೆ, ಸ್ಕೇಲಿಂಗನ್ನು ಹೊಸ ಪರದೆಯಲ್ಲಿ ಶೇ. 150 ಮತ್ತು ಹಳೆಯದರಲ್ಲಿ ಶೇ. 100ಕ್ಕೆ ಮರಳಿಸಿ, ಸೈನ್ ಔಟ್ ಆಗಿ ಮತ್ತೆ ಒಳಬಂದು ಪರೀಕ್ಷೆ ಆರಂಭಿಸಿದೆ. ದಾರಿಯಲ್ಲಿ ಒಂದು ಬೇರೆ ದೋಷವೂ ಸಿಕ್ಕಿತು: ಕೇಬಲ್ ಎಚ್‌ಡಿಎಂಐ 1.4ರ ಕಿಂಡಿಗೆ ಸಿಕ್ಕಿಸಲಾಗಿತ್ತು. ಅದರ ಮೂಲಕ 4ಕೆ ಚಿತ್ರ ಸೆಕೆಂಡಿಗೆ 30 ಬಾರಿಗಿಂತ ಹೆಚ್ಚು ಬರಲಾರದು, ಮೌಸ್ ತಡವರಿಸುತ್ತಿದ್ದುದು ಅದರಿಂದ. ಡಿಸ್‌ಪ್ಲೇಪೋರ್ಟ್ ಕಿಂಡಿಗೆ ಬದಲಿಸಿದ ಮೇಲೆ 60 ಬಂತು.

ಮಸುಕು ಯಾರದು ಎಂದು ತಿಳಿಯಲು ನಾನು ನೆಚ್ಚಿಕೊಂಡಿರುವ ವಿಧಾನ ಬಹಳ ಸರಳ. ಪರದೆಯ ಚಿತ್ರವನ್ನು, ಅಂದರೆ ಸ್ಕ್ರೀನ್‌ಶಾಟನ್ನು ತೆಗೆದು, ಅದನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಬೇಕು. ಮಸುಕು ಆ ಚಿತ್ರದೊಳಗೇ ಇದ್ದರೆ ಅದನ್ನು ಉಂಟುಮಾಡಿದ್ದು ವಿಂಡೋಸ್ ಅಥವಾ ಪ್ರೋಗ್ರಾಮ್. ಚಿತ್ರದಲ್ಲಿ ಅಕ್ಷರ ಸ್ಪಷ್ಟವಾಗಿದ್ದು ಕಣ್ಣಿಗೆ ಮಾತ್ರ ಮಸುಕಾಗಿ ಕಂಡರೆ ದೋಷ ಮಾನಿಟರ್, ಕೇಬಲ್ ಅಥವಾ ರೆಸಲ್ಯೂಷನ್ನಿನಲ್ಲಿದೆ. ಇಲ್ಲಿ ಚಿತ್ರದೊಳಗೇ 'ಧ'ದ ಸೀಳು ಬೂದು ಚುಕ್ಕೆಗಳಾಗಿ ಹರಡಿತ್ತು, ಅದೇ ಚಿತ್ರದಲ್ಲಿ ಪಕ್ಕದ ಬ್ರೌಸರಿನ ಅಕ್ಷರಗಳು ಸ್ಪಷ್ಟವಾಗಿದ್ದವು. ಮುಂದೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಡಿಪಿಐ ಅವೇರ್ನೆಸ್ ಎಂಬ ಕಾಲಮನ್ನು ಸೇರಿಸಿಕೊಂಡು ನೋಡಿದೆ. ಬ್ರೌಸರಿನ ಮುಂದೆ ಪ್ರತಿ ಮಾನಿಟರನ್ನೂ ಅರಿತ ಪ್ರೋಗ್ರಾಮ್ ಎಂಬ ಗುರುತಿತ್ತು. ಜೋಡಣೆಯ ತಂತ್ರಾಂಶದ ಮುಂದೆ ಅರಿವಿಲ್ಲ ಎಂಬುದು. ಊಹೆ ಖಚಿತವಾಯಿತು.

ವಿಂಡೋಸ್‌ನಲ್ಲಿ ಮಸುಕಾದ ಪ್ರೋಗ್ರಾಮುಗಳನ್ನು ತಾನೇ ಸರಿಪಡಿಸಲು ಯತ್ನಿಸುವ ಒಂದು ಗುಂಡಿಯೂ ಇದೆ. ಅದು ಮುಖ್ಯ ಪರದೆಯಲ್ಲಿನ ಕೆಲವು ಪ್ರೋಗ್ರಾಮುಗಳಿಗೆ ಉಪಕಾರ ಮಾಡುತ್ತದೆ, ಇದಕ್ಕೆ ಏನೂ ಮಾಡಲಿಲ್ಲ. ಅದರ ಮೇಲೆ ಹೊತ್ತು ಕಳೆಯಲಿಲ್ಲ.

ಮೂರು ಆಯ್ಕೆಗಳ ಪರೀಕ್ಷೆ

ಪ್ರೋಗ್ರಾಮಿನ ಕಡತದ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟಕ್ಕೆ ಹೋಗಿ, 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್' ಒತ್ತಿದರೆ ಕೆಳಭಾಗದಲ್ಲಿ ಸ್ಕೇಲಿಂಗ್ ಯಾರು ಮಾಡಬೇಕು ಎಂದು ಆರಿಸುವ ಅವಕಾಶವಿದೆ. ಅಲ್ಲಿ ಮೂರು ಹೆಸರುಗಳು ಕಾಣುತ್ತವೆ: ಅಪ್ಲಿಕೇಶನ್, ಸಿಸ್ಟಮ್, ಸಿಸ್ಟಮ್ (ಎನ್ಹಾನ್ಸ್ಡ್). ಈ ಹೆಸರುಗಳು ಅಷ್ಟು ಸ್ಪಷ್ಟವಾಗಿಲ್ಲವಾದ್ದರಿಂದ ಜನ ಒಂದೊಂದನ್ನೇ ಒತ್ತಿ ನೋಡಿ ಬಿಟ್ಟುಬಿಡುತ್ತಾರೆ. ಅಪ್ಲಿಕೇಶನ್ ಎಂದರೆ ವಿಂಡೋಸ್ ಹಿಗ್ಗಿಸುವುದನ್ನು ಬಿಟ್ಟು ಸ್ಕೇಲಿಂಗಿಗೆ ತಕ್ಕ ಡಿಪಿಐಯನ್ನು ಪ್ರೋಗ್ರಾಮಿಗೆ ತಿಳಿಸಿ ಸುಮ್ಮನಾಗುತ್ತದೆ. ಸಿಸ್ಟಮ್ ಎಂದರೆ ಪ್ರೋಗ್ರಾಮ್ ಏನೇ ಹೇಳಿಕೊಂಡರೂ ಅದನ್ನು 96ರಲ್ಲಿ ಬಿಡಿಸಿ ಹಿಗ್ಗಿಸುತ್ತದೆ. ಎನ್ಹಾನ್ಸ್ಡ್ ಎಂಬುದು 2017ರಲ್ಲಿ ಬಂದದ್ದು. ಜಿಡಿಐ ಎಂಬ ಹಳೆಯ ಚಿತ್ರಣ ವ್ಯವಸ್ಥೆಯ ಮೂಲಕ ಪ್ರೋಗ್ರಾಮ್ 'ಇಲ್ಲಿ ಈ ಅಕ್ಷರ ಬರೆ, ಇಲ್ಲಿ ಗೆರೆ ಎಳೆ' ಎಂದು ಕೊಡುವ ಆಜ್ಞೆಗಳನ್ನು ವಿಂಡೋಸ್ ಹಿಡಿದುಕೊಂಡು ದೊಡ್ಡ ಗಾತ್ರದಲ್ಲಿ ಹೊಸದಾಗಿ ಬಿಡಿಸುತ್ತದೆ.

ನಮ್ಮ ತಂತ್ರಾಂಶ ಹಳೆಯದಾದ್ದರಿಂದ ಎನ್ಹಾನ್ಸ್ಡ್ ಸಾಕಾಗುತ್ತದೆಂಬ ಭರವಸೆ ನನಗಿತ್ತು. ಮೆನುಗಳು, ಡೈಲಾಗ್ ಬಾಕ್ಸುಗಳು ಕನ್ನಡಿಯಂತೆ ಸ್ಪಷ್ಟವಾದವು. ಆದರೆ ಪುಟದೊಳಗಿನ ಕನ್ನಡ ಮೊದಲಿನಂತೆಯೇ ಮಸುಕಾಗಿತ್ತು. ಪುಟವನ್ನು ತಂತ್ರಾಂಶ ನೇರವಾಗಿ ಪರದೆಗೆ ಬರೆಯದೆ, ಮೊದಲು ಮೆಮೊರಿಯಲ್ಲಿ ಒಂದು ಚಿತ್ರವಾಗಿ ಬಿಡಿಸಿಕೊಂಡು ಆ ಚಿತ್ರವನ್ನು ಪರದೆಗೆ ಅಂಟಿಸುತ್ತದೆ ಎಂದು ಇದರಿಂದ ತಿಳಿದೆ. ಸಿದ್ಧ ಚಿತ್ರವಾಗಿ ಕೈಗೆ ಬಂದದ್ದನ್ನು ವಿಂಡೋಸ್ ಹಿಗ್ಗಿಸಬಲ್ಲದೇ ಹೊರತು ಹೊಸದಾಗಿ ಬಿಡಿಸಲಾರದು. ಮೆನು ಸ್ಪಷ್ಟವಾಗಿ ಪುಟ ಮಸುಕಾಗಿ ಉಳಿದರೆ ಮುದ್ರಣಾಲಯಕ್ಕೆ ಪ್ರಯೋಜನವೇನು? ಪ್ರೂಫ್ ನೋಡುವುದು ಪುಟವನ್ನೇ.

ಉಳಿದದ್ದು ಅಪ್ಲಿಕೇಶನ್ ಆಯ್ಕೆ. ಇದರಲ್ಲಿ ಪ್ರೋಗ್ರಾಮ್ ಡಿಪಿಐಯನ್ನು ಕೇಳಿ ನಡೆಯುತ್ತದೆಯೋ, 96 ಎಂದು ತಾನೇ ನಂಬಿಕೊಂಡಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ತಿಳಿಯಲು ಆಪರೇಟರ್ ಬಳಸುವ ಉಕ್ಕಿನ ಅಳತೆಪಟ್ಟಿಯನ್ನೇ ತೆಗೆದುಕೊಂಡೆ. ಖಾಲಿ ಎ4 ಪುಟವನ್ನು ತಂತ್ರಾಂಶದ ಶೇ. 100ರ ನೋಟದಲ್ಲಿ ಇಟ್ಟು, ಪರದೆಯ ಮೇಲೆ ಅದರ ಅಗಲ ಅಳೆಯುವುದು. ಲೆಕ್ಕ ಹೀಗೆ: ಪ್ರೋಗ್ರಾಮ್ 96 ಎಂದೇ ನಂಬಿದ್ದರೆ 210 ಮಿಲಿಮೀಟರಿನ ಪುಟ ಈ ಗಾಜಿನ ಮೇಲೆ 124 ಮಿಲಿಮೀಟರ್ ಕಾಣಬೇಕು, ವಿಂಡೋಸ್ ಹೇಳುವ 144ನ್ನು ಕೇಳಿಸಿಕೊಂಡರೆ 185 ಮಿಲಿಮೀಟರ್. ಅಳತೆ ಪಟ್ಟಿ 185 ತೋರಿಸಿತು. ಹಳೆಯ ತಂತ್ರಾಂಶವಾದರೂ ಪುಟವನ್ನು ಬಿಡಿಸುವಾಗ ಅದು ಡಿಪಿಐ ಕೇಳುತ್ತಿತ್ತು. ಯಾರೂ ಇಷ್ಟು ದಿನ ಅದಕ್ಕೆ ನಿಜ ಹೇಳಿರಲಿಲ್ಲ, ಅಷ್ಟೇ. ಅಕ್ಷರಗಳು ಸ್ಪಷ್ಟವಾದವು, 'ಧ'ದ ಸೀಳು ಬಿಳಿಯಾಗಿ ಕಂಡಿತು. ಪ್ರೂಫ್ ನೋಡುವವರನ್ನು ಒಳಗಿನ ಕೋಣೆಯಿಂದ ಕರೆದು ತೋರಿಸಿದಾಗ ಅವರಿಗಾದ ಸಮಾಧಾನ ನನ್ನ ಸಮಾಧಾನಕ್ಕಿಂತ ದೊಡ್ಡದು.

ಆದರೆ ಪುಟಕ್ಕೆ ಕೇಳುವ ಡಿಪಿಐಯನ್ನು ಅದು ಉಪಕರಣಗಳ ಸಣ್ಣ ಕಿಟಕಿಗಳಾದ ತನ್ನ ಪ್ಯಾಲೆಟ್‌ಗಳಿಗೆ ಕೇಳುತ್ತಿರಲಿಲ್ಲ. ಟೂಲ್‌ಬಾರಿನ 16 ಪಿಕ್ಸೆಲ್ಲಿನ ಚಿಹ್ನೆಗಳು ಎರಡೂವರೆ ಮಿಲಿಮೀಟರಿಗೆ ಕುಗ್ಗಿದವು. ಫಾಂಟಿನ ಗಾತ್ರ, ಲೀಡಿಂಗ್ (ಸಾಲುಗಳ ನಡುವಿನ ಅಂತರ) ಬರೆಯುವ ಕಂಟ್ರೋಲ್ ಪ್ಯಾಲೆಟ್ಟಿನಲ್ಲಿ ಅಕ್ಷರ ದೊಡ್ಡದಾಗಿ, ಅದನ್ನು ಹಿಡಿಯಬೇಕಾದ ಚೌಕ ಚಿಕ್ಕದಾಗಿ ಉಳಿದು ಅಂಕಿಗಳ ಕೆಳಭಾಗ ಕತ್ತರಿಸಿತು. ಎರಡು ಡೈಲಾಗ್ ಬಾಕ್ಸುಗಳಲ್ಲಿ ಓಕೆ ಗುಂಡಿಯೇ ಅಂಚಿನ ಆಚೆ ಹೋಯಿತು. ಚಿಹ್ನೆಗಳು ಚಿಕ್ಕದಾದುದನ್ನು ಆಪರೇಟರ್ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹದಿನೈದು ವರ್ಷಗಳಿಂದ ಕೀಲಿಮಣೆಯ ಶಾರ್ಟ್‌ಕಟ್ಟುಗಳಲ್ಲೇ ಕೆಲಸ ಮಾಡುವವರು ಅವರು. ಓಕೆ ಗುಂಡಿ ಕಾಣದಿದ್ದರೆ ಎಂಟರ್ ಒತ್ತಬಹುದೆಂದೂ ಹೇಳಿದರು. ಕತ್ತರಿಸಿದ ಅಂಕಿಗಳನ್ನು ಮಾತ್ರ ಒಪ್ಪಲು ಸಾಧ್ಯವಿರಲಿಲ್ಲ, ಏಕೆಂದರೆ 10.5 ಮತ್ತು 10.6ರ ನಡುವಿನ ವ್ಯತ್ಯಾಸ ಅಲ್ಲಿ ಕಾಣದಿದ್ದರೆ ಪುಸ್ತಕದ ಸಾಲುಗಳು ಪುಟದಿಂದ ಪುಟಕ್ಕೆ ಜಾರುತ್ತವೆ.

ಇಲ್ಲಿ ಒಂದು ರಾಜಿ ಮಾಡಬೇಕಾಯಿತು. ಹೊಸ ಪರದೆಯ ಸ್ಕೇಲಿಂಗನ್ನು ಶೇ. 150ರಿಂದ 125ಕ್ಕೆ ಇಳಿಸಿದಾಗ ಪ್ಯಾಲೆಟ್ಟಿನ ಅಂಕಿಗಳು ತಮ್ಮ ಚೌಕದೊಳಗೆ ಕುಳಿತವು, ಗುಂಡಿಗಳೂ ಮರಳಿ ಬಂದವು. ಬೆಲೆ ಎಂದರೆ ಮೆನುವಿನ ಅಕ್ಷರ 2.8 ಮಿಲಿಮೀಟರಿನಿಂದ 2.3ಕ್ಕೆ ಇಳಿಯಿತು. ಹಳೆಯ ಮಾನಿಟರಿನ 3 ಮಿಲಿಮೀಟರಿಗೆ ಹೋಲಿಸಿದರೆ ಇದು ಚಿಕ್ಕದೇ, ಆದರೂ ಓದಬಹುದಾದ ಗಾತ್ರ. ಬ್ರೌಸರ್ ಮತ್ತು ಪಿಡಿಎಫ್ ಓದುವ ಪ್ರೋಗ್ರಾಮುಗಳಿಗೆ ತಮ್ಮದೇ ಆದ ಜೂಮ್ ಇರುವುದರಿಂದ ಅಲ್ಲಿ ಶೇ. 120 ಎಂದು ನಿಲ್ಲಿಸಿದೆವು. ಮಾನಿಟರನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿದೆವು. ಇಂತಹ ಹೊಂದಾಣಿಕೆಗಳನ್ನು ಕೀಳಾಗಿ ಕಾಣುವವರನ್ನು ನಾನು ನೋಡಿದ್ದೇನೆ. ಕಣ್ಣಿಗೂ ಪರದೆಗೂ ಇರುವ ದೂರವೂ ಸ್ಕೇಲಿಂಗ್‌ನ ಒಂದು ಭಾಗವೇ ಎಂಬುದು ನನ್ನ ಅಭಿಪ್ರಾಯ.

ಕಾಗದದಷ್ಟೇ ಗಾತ್ರದಲ್ಲಿ ಪುಟ ನೋಡುವ ಯಜಮಾನರ ಮೂಲ ಆಸೆ ಇನ್ನೂ ಬಾಕಿಯಿತ್ತು. ಶೇ. 125ರಲ್ಲಿ ವಿಂಡೋಸ್ ಹೇಳುವ ಇಂಚು 120 ಪಿಕ್ಸೆಲ್, ಗಾಜಿನ ಇಂಚು 163. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.36. ತಂತ್ರಾಂಶದ ನೋಟವನ್ನು ಶೇ. 136 ಎಂದು ಬರೆದುಕೊಟ್ಟಾಗ ಅಳತೆಪಟ್ಟಿಯಲ್ಲಿ ಪುಟದ ಅಗಲ ಸರಿಯಾಗಿ 210 ಮಿಲಿಮೀಟರ್ ಬಂತು. ಈ ನೋಟದಲ್ಲಿ ಹತ್ತು ಪಾಯಿಂಟಿನ ಅಕ್ಷರಕ್ಕೆ ಸುಮಾರು 23 ಪಿಕ್ಸೆಲ್ ಎತ್ತರ ಸಿಗುತ್ತದೆ. ಮೊದಲಿನ 13ಕ್ಕೆ ಹೋಲಿಸಿದರೆ ಸೀಳಿಗೂ ಒತ್ತಿಗೂ ಉಸಿರಾಡಲು ಜಾಗ ಬಂದಂತಾಯಿತು. 136 ಎಂಬ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಕೆಳ ಅಂಚಿಗೆ ಅಂಟಿಸಿದೆವು. 170ರ ಲೆಕ್ಕ ಹಾಕಿದ್ದ ಹುಡುಗನಿಗೆ, ಅವನ ಭಾಗಾಕಾರವೇ ಇಲ್ಲಿಯೂ ಕೆಲಸ ಮಾಡಿದೆ, ಅದನ್ನು ವಿಂಡೋಸ್‌ಗೆ ಹೇಳುವ ಬದಲು ತಂತ್ರಾಂಶಕ್ಕೆ ಹೇಳಬೇಕಿತ್ತು ಎಂದು ವಿವರಿಸಿದೆ.

ಎರಡನೆಯ ಪರದೆ ಮತ್ತು ಸೈನ್ ಔಟ್

ಮರುದಿನ ಮತ್ತೆ ಕರೆ ಬಂತು: ಪುಟದ ಅಳತೆ ತಪ್ಪಿದೆ. ವಿಚಾರಿಸಿದಾಗ ಎರಡು ಸಂಗತಿಗಳು ಸೇರಿದ್ದು ತಿಳಿಯಿತು. ಅಪ್ಲಿಕೇಶನ್ ಆಯ್ಕೆ ಕೊಟ್ಟ ಇಂತಹ ಹಳೆಯ ಪ್ರೋಗ್ರಾಮ್ ಡಿಪಿಐಯನ್ನು ಒಂದೇ ಒಂದು ಸಂಖ್ಯೆಯಾಗಿ ಮಾತ್ರ ಅರಿಯುತ್ತದೆ, ಮತ್ತು ಆ ಸಂಖ್ಯೆ ನಾವು ಸೈನ್ ಇನ್ ಆದ ಕ್ಷಣದಲ್ಲಿ ಮುಖ್ಯ ಪರದೆಯಲ್ಲಿ ಇದ್ದ ಸ್ಕೇಲಿಂಗ್‌ನಿಂದ ಬರುತ್ತದೆ. ಯಾರೋ ರಾತ್ರಿ ಸ್ಕೇಲಿಂಗನ್ನು ಶೇ. 150ಕ್ಕೆ ಏರಿಸಿ ನೋಡಿ, ಸೈನ್ ಔಟ್ ಆಗದೆ ಕೆಲಸ ಮುಂದುವರಿಸಿದ್ದರು. ಸಂಖ್ಯೆ 120ರಲ್ಲೇ ನಿಂತಿದ್ದರಿಂದ ಹೊಸ ಸ್ಕೇಲಿಂಗ್ ತಂತ್ರಾಂಶಕ್ಕೆ ತಲುಪಿರಲಿಲ್ಲ. ಜೊತೆಗೆ ತಂತ್ರಾಂಶದ ಕಿಟಕಿಯನ್ನು ಪಕ್ಕದ ಹಳೆಯ ಪರದೆಗೆ ಎಳೆದಿದ್ದರು. ಅಲ್ಲಿ ಸ್ಕೇಲಿಂಗ್ ಶೇ. 100 ಆದರೂ ತಂತ್ರಾಂಶ 120ರ ಲೆಕ್ಕದಲ್ಲೇ ಬಿಡಿಸುತ್ತದೆ. ಪುಟದ ಅಳತೆ ತಪ್ಪುತ್ತದೆ.

ಇದಕ್ಕೆ ಸೆಟ್ಟಿಂಗಿನಲ್ಲಿ ಪರಿಹಾರವಿಲ್ಲ, ಅಭ್ಯಾಸದಲ್ಲಿ ಇದೆ. ಜೋಡಣೆಯ ತಂತ್ರಾಂಶವೂ ಅದರ ಪ್ಯಾಲೆಟ್ಟುಗಳೂ 4ಕೆ ಪರದೆಯನ್ನು ಬಿಟ್ಟು ಹೋಗಬಾರದು. ಗ್ರಾಹಕರು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಕರಡು, ಬ್ರೌಸರ್, ಪಿಡಿಎಫ್ ಇವೆಲ್ಲ ಪ್ರತಿ ಮಾನಿಟರನ್ನೂ ಅರಿತ ಪ್ರೋಗ್ರಾಮುಗಳಾದ್ದರಿಂದ ಹಳೆಯ ಪರದೆಯಲ್ಲಿ ಇರಲಿ. ಸ್ಕೇಲಿಂಗ್ ಬದಲಿಸಿದರೆ ಸೈನ್ ಔಟ್ ಆಗಿಯೇ ಮುಂದಿನ ಕೆಲಸ.

ಬಿಲ್ಲಿಂಗ್ ಪ್ರೋಗ್ರಾಮ್

ಇದೇ ಯಂತ್ರದಲ್ಲಿ ಜಾವಾ 8 ಎಂಬ ಪ್ರೋಗ್ರಾಮಿಂಗ್ ವೇದಿಕೆಯ ಮೇಲೆ ನಡೆಯುವ ಬಿಲ್ಲಿಂಗ್ ಪ್ರೋಗ್ರಾಮ್ ಒಂದಿತ್ತು. ಅದರ ತೊಂದರೆ ತದ್ವಿರುದ್ಧ: ಅಕ್ಷರ ಸ್ಪಷ್ಟ, ಆದರೆ ಇರುವೆಯಷ್ಟು ಚಿಕ್ಕದು. ಜಾವಾ 8ರ ಪ್ರೋಗ್ರಾಮ್ ಕಡತವು ತನಗೆ ಡಿಪಿಐ ತಿಳಿಯುತ್ತದೆಂದು ವಿಂಡೋಸ್‌ಗೆ ಘೋಷಿಸುತ್ತದೆ, ಆದರೆ ಕಿಟಕಿ ಮತ್ತು ಗುಂಡಿಗಳನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುವುದಿಲ್ಲ. ವಿಂಡೋಸ್ ಆ ಮಾತನ್ನು ನಂಬಿ ಸುಮ್ಮನಿರುತ್ತದೆ. ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಇದಕ್ಕೆ ಸರಿಯಾದ ವ್ಯವಸ್ಥೆ ಬಂದದ್ದು 2017ರ ಜಾವಾ 9ರಲ್ಲಿ. ಬಿಲ್ಲಿಂಗ್ ಪ್ರೋಗ್ರಾಮ್ ಹೊಸ ಜಾವಾದಲ್ಲಿ ನಡೆಯುವುದೋ ಇಲ್ಲವೋ ಎಂದು ಅದನ್ನು ಬರೆದವರೇ ಪರೀಕ್ಷಿಸಿ ಹೇಳಬೇಕಾದ್ದರಿಂದ, ಸದ್ಯಕ್ಕೆ ಜಾವಾದ ಪ್ರೋಗ್ರಾಮ್ ಕಡತಕ್ಕೆ ಸಿಸ್ಟಮ್ ಆಯ್ಕೆ ಕೊಟ್ಟೆ. ಬಿಲ್ಲಿನ ಅಕ್ಷರ ಮಸುಕಾಯಿತು, ಆದರೆ ಗಾತ್ರ ಸರಿಹೋಯಿತು. ಅಲ್ಲಿ ಓದಬೇಕಾದದ್ದು ಇಂಗ್ಲಿಷ್ ಅಂಕಿಗಳು ಮಾತ್ರವಾದ್ದರಿಂದ ಈ ಮಸುಕು ಸಹ್ಯ. ಒಂದು ಎಚ್ಚರಿಕೆ: ಆಯ್ಕೆಯನ್ನು ಕೊಟ್ಟದ್ದು ಜಾವಾಕ್ಕೆ, ಬಿಲ್ಲಿಂಗ್‌ಗೆ ಅಲ್ಲ, ಅದೇ ಜಾವಾವನ್ನು ಬಳಸುವ ಬೇರೆ ಪ್ರೋಗ್ರಾಮ್ ಇದ್ದರೆ ಅದೂ ಮಸುಕಾಗುತ್ತದೆ. ಹೀಗೆ ಒಂದೇ ಮೇಜಿನ ಎರಡು ಪ್ರೋಗ್ರಾಮುಗಳಿಗೆ ಪರಸ್ಪರ ವಿರುದ್ಧವಾದ ಆಯ್ಕೆಗಳು ಬೇಕಾದವು.

ಉಳಿದ ಯಂತ್ರಗಳು

ತಿಂಗಳ ನಂತರ ಇನ್ನೊಂದು ಕಂಪ್ಯೂಟರಿಗೂ ಅದೇ ಮಾದರಿಯ ಮಾನಿಟರ್ ಬಂತು. ಅಲ್ಲಿ ಎಲ್ಲವನ್ನೂ ಹಾಗೆಯೇ ಮಾಡಿದರೂ ಬೆಳಿಗ್ಗೆ ಸರಿಯಾಗಿದ್ದದ್ದು ಮಧ್ಯಾಹ್ನ ಮಸುಕಾಗುತ್ತಿತ್ತು. ಕಾರಣ ಹುಡುಕಲು ನನಗೆ ಅರ್ಧ ದಿನ ಬೇಕಾಯಿತು. ಕಂಪ್ಯಾಟಿಬಿಲಿಟಿಯ ಈ ಆಯ್ಕೆಯನ್ನು ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಪ್ರೋಗ್ರಾಮ್ ಕಡತದ ಪೂರ್ಣ ಹಾದಿಯ ಹೆಸರಿನಲ್ಲಿ, ಆಯಾ ಬಳಕೆದಾರರ ಖಾತೆಯಲ್ಲಿ ಬರೆದಿಡುತ್ತದೆ. ಆ ಯಂತ್ರದಲ್ಲಿ ತಂತ್ರಾಂಶದ ಎರಡು ಪ್ರತಿಗಳಿದ್ದವು: ಒಂದು ಸಿ ಡ್ರೈವಿನಲ್ಲಿ, ಇನ್ನೊಂದು ಹಳೆಯ ಯಂತ್ರದಿಂದ ನಕಲು ಮಾಡಿ ಡಿ ಡ್ರೈವಿನಲ್ಲಿ ಇಟ್ಟದ್ದು. ಬೆಳಿಗ್ಗೆ ಡೆಸ್ಕ್‌ಟಾಪಿನ ಚಿಹ್ನೆಯಿಂದ ತೆರೆದಾಗ ಮೊದಲನೆಯದು ಬರುತ್ತಿತ್ತು. ಮಧ್ಯಾಹ್ನ ಹಳೆಯ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಎರಡನೆಯದು. ಸಂಜೆಯ ಪಾಳಿಯವರು ಬೇರೆ ಖಾತೆಯಿಂದ ಒಳಬರುತ್ತಿದ್ದರಿಂದ ಅವರಿಗೆ ಎರಡೂ ಮಸುಕೇ. ಡಿ ಡ್ರೈವಿನ ಪ್ರತಿಯನ್ನು ತೆಗೆದು, ಕಡತಗಳನ್ನು ಮೊದಲನೆಯದಕ್ಕೆ ಜೋಡಿಸಿ, 'ಚೇಂಜ್ ಸೆಟ್ಟಿಂಗ್ಸ್ ಫಾರ್ ಆಲ್ ಯೂಸರ್ಸ್' ಮೂಲಕ ಎಲ್ಲ ಖಾತೆಗಳಿಗೂ ಅನ್ವಯಿಸುವಂತೆ ಮಾಡಿದ ಮೇಲೆ ದೂರು ನಿಂತಿತು.

ಪರೀಕ್ಷೆಗೆಂದು ನಾವು ಒಂದು ಪುಟ ಮಾಡಿಟ್ಟಿದ್ದೇವೆ. 8, 9, 10 ಮತ್ತು 12 ಪಾಯಿಂಟಿನ ನಾಲ್ಕು ಸಾಲುಗಳು. ಪ್ರತಿ ಸಾಲಿನಲ್ಲೂ ದ-ಧ, ಡ-ಢ, ಪ-ಫ ಜೋಡಿಗಳು, ಕೆಲವು ಇಮ್ಮಡಿ ಒತ್ತುಗಳು, ಒಂದು ಅರ್ಕಾವತ್ತು. ಹಳೆಯ ಮಾನಿಟರಿನಲ್ಲಿ 8 ಪಾಯಿಂಟಿನ ಸಾಲನ್ನು ಊಹಿಸಿಯೇ ಓದಬೇಕಿತ್ತು, ಹಿಗ್ಗಿಸಿದ 4ಕೆಯಲ್ಲಿ ಹತ್ತು ಪಾಯಿಂಟೂ ಅನುಮಾನವೇ, ಈಗ ಶೇ. 136ರ ನೋಟದಲ್ಲಿ 8 ಪಾಯಿಂಟಿನ ಸೀಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ದಿನ, ಅಥವಾ ಯಾರಾದರೂ ಮಾನಿಟರಿನ ಕೇಬಲ್ ಬಿಚ್ಚಿ ಹಾಕಿದ ದಿನ, ಮೊದಲು ಈ ಪುಟವನ್ನು ತೆರೆದು ನೋಡುತ್ತಾರೆ, ಅಳತೆಪಟ್ಟಿಯಿಂದ 210 ಮಿಲಿಮೀಟರ್ ಅಳೆಯುತ್ತಾರೆ, ಆಮೇಲೆ ಕೆಲಸ ಆರಂಭಿಸುತ್ತಾರೆ. ಕಾಗದದ ಪ್ರೂಫ್ ತೆಗೆಯುವುದನ್ನು ಮಾತ್ರ ಅವರು ನಿಲ್ಲಿಸಿಲ್ಲ, ನಿಲ್ಲಿಸಬೇಡಿ ಎಂದು ನಾನೂ ಹೇಳಿದ್ದೇನೆ.